ದರ ಊರಾಚೆ, ಕಡಿತ ಊರೊಳಗೆ

(ಕೋಲಾರದಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ)

1902ರ ಜೂನ್ 30ರಂದು ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಓಡಿ ಬಂದು ನಮ್ಮ ಜಿಲ್ಲೆಯ ಚಿನ್ನದ ಗಣಿ ಸೇರಿತು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಬೆಂಗಳೂರಿಗೆ ಕರೆಂಟು ದೀಪ ಬಂದದ್ದು 1905ರಲ್ಲಿ. ನಮ್ಮ ಕೆಜಿಎಫ್‌ಗೆ ಮೂರು ವರ್ಷ ಮೊದಲೇ ಬಂದಿತ್ತು. ಈ ಮಾತು ಹೇಳಿದಾಗ ನಮ್ಮ ಜಿಲ್ಲೆಯವರ ಮುಖ ಅರಳೋದನ್ನ ಎಷ್ಟೋ ಸಲ ನೋಡಿದ್ದೇನೆ, ನನಗೂ ಹೆಮ್ಮೆಯೇ. ಆದರೆ ಅದರ ಜೊತೆಗೇ ಇನ್ನೊಂದು ಮಾತನ್ನೂ ಹೇಳಬೇಕು. ಆ ತಂತಿ ಎಷ್ಟೋ ಹಳ್ಳಿಗಳ ತಲೆ ಮೇಲೆ ಹಾದು ಬಂತು, ಒಂದು ಹಳ್ಳಿಯಲ್ಲೂ ಇಳಿಯಲಿಲ್ಲ. ಕರೆಂಟು ಬಂದದ್ದು ಗಣಿಗೆ. ಊರುಗಳು ಸೀಮೆಎಣ್ಣೆ ಬುಡ್ಡಿಯಲ್ಲೇ ಇದ್ದವು.

ತಯಾರಿಸಿದ್ದು ಯಾರು? ಮೈಸೂರು ಸರ್ಕಾರ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶುರುವಾದ ಯೋಜನೆ ಅದು. ಕೊಂಡದ್ದು ಯಾರು? ಜಾನ್ ಟೇಲರ್ ಅಂಡ್ ಸನ್ಸ್ ನಡೆಸುತ್ತಿದ್ದ ಗಣಿ ಕಂಪನಿಗಳು. ಯಂತ್ರ ಕೊಟ್ಟದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್. ಸರ್ಕಾರವೋ ಖಾಸಗಿಯೋ ಅನ್ನೋ ಪ್ರಶ್ನೆ ನಮ್ಮ ನೆಲದಲ್ಲಿ ನೂರಿಪ್ಪತ್ತು ವರ್ಷದಿಂದ ಓಡಾಡುತ್ತಾ ಇದೆ ಅನ್ನೋದಕ್ಕೆ ಇದನ್ನೆಲ್ಲ ಹೇಳಿದೆ.

ಈಗ ಆ ಪ್ರಶ್ನೆ ಮತ್ತೆ ಎದ್ದಿದೆ. 2025ರ ಫೆಬ್ರವರಿ 1ರಂದು ಚಂಡೀಗಢದ ವಿದ್ಯುತ್ ವಿತರಣೆ ಖಾಸಗಿಯವರ ಕೈಗೆ ಹೋಯಿತು. ಅಂದಿನಿಂದ ನನ್ನನ್ನು ಗುರುತಿರುವವರು ಸಿಕ್ಕಲ್ಲೆಲ್ಲ ಕೇಳುತ್ತಾರೆ. ಒಬ್ಬರು, "ಸಾರ್, ನಮ್ಮ ಕೆಇಬಿನೂ ಪ್ರೈವೇಟ್ ಆಗೋಗ್ಲಿ ಬಿಡಿ, ಕರೆಂಟಾದ್ರೂ ಸರಿಯಾಗಿ ಕೊಡ್ತಾರೆ" ಅನ್ನುತ್ತಾರೆ. ಪಕ್ಕದಲ್ಲಿದ್ದವರು, "ಅದೆಲ್ಲ ಬೇಡ, ನಮ್ಮೂರಿನ ಕರೆಂಟು ನಮ್ಮ ನಗರಸಭೆಗೇ ಕೊಡಲಿ, ರೇಟು ಅರ್ಧ ಆಗುತ್ತೆ" ಅನ್ನುತ್ತಾರೆ. ಕೆಇಬಿ, ಅಂದರೆ ಕರ್ನಾಟಕ ವಿದ್ಯುತ್ ಮಂಡಳಿ, ಅನ್ನೋ ಹೆಸರು ಹೋಗಿ ಕಾಲು ಶತಮಾನ ಆಯಿತು. 2002ರಿಂದ ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಸರ್ಕಾರಿ ವಿತರಣಾ ಕಂಪನಿ ಬೆಸ್ಕಾಂ ಕೆಳಗಿವೆ. ಬಾಯಲ್ಲಿ ಮಾತ್ರ ಕೆಇಬಿಯೇ ಉಳಿದಿದೆ, ಇರಲಿ.

ಆ ಇಬ್ಬರ ಮಾತನ್ನೂ ನಾನು ಹಗುರವಾಗಿ ತಗೊಳ್ಳೋದಿಲ್ಲ. ಇಬ್ಬರಿಗೂ ನೋವಿದೆ. ಆದರೆ ಅವರು ಕೇಳುತ್ತಿರೋದು ಎರಡು ಬೇರೆ ಬೇರೆ ಪ್ರಶ್ನೆ. ಒಂದು ದರದ್ದು, ಇನ್ನೊಂದು ಕಡಿತದ್ದು. ಲೈನಿನ ಕೆಲಸದಲ್ಲೇ ಬದುಕು ಕಳೆದವನಾಗಿ ನಾನು ಕಂಡುಕೊಂಡದ್ದನ್ನ ಮೊದಲೇ ಹೇಳಿಬಿಡುತ್ತೇನೆ: ಕರೆಂಟಿನ ದರ ಹೆಚ್ಚಿನ ಪಾಲು ನಮ್ಮೂರಿನ ಆಚೆ ತೀರ್ಮಾನ ಆಗುತ್ತೆ. ಕರೆಂಟು ಹೋಗೋದು ಹೆಚ್ಚಿನ ಪಾಲು ನಮ್ಮೂರಿನ ಒಳಗೆ, ಕೊನೆಯ ಐದಾರು ಕಿಲೋಮೀಟರಿನಲ್ಲಿ. ಮಾಲೀಕ ಯಾರಿರಬೇಕು ಅನ್ನೋದನ್ನ ಈ ಎರಡನ್ನೂ ಬಿಡಿಸಿ ಇಟ್ಟುಕೊಂಡೇ ಕೇಳಬೇಕು.

ದರ ತಗೊಳ್ಳಿ. ನೀವು ಕಟ್ಟುವ ನೂರು ರೂಪಾಯಿಯಲ್ಲಿ ಮುಕ್ಕಾಲು ಪಾಲಿನ ಆಸುಪಾಸು ಕರೆಂಟು ಕೊಂಡು ತರೋದಕ್ಕೇ ಹೋಗುತ್ತೆ. ರಾಯಚೂರಿನ ಕಲ್ಲಿದ್ದಲು, ಶರಾವತಿಯ ನೀರು, ಪಾವಗಡದ ಬಿಸಿಲು, ಅದನ್ನೆಲ್ಲ ಹೊತ್ತು ತರುವ ದೊಡ್ಡ ಲೈನು, ಇವೆಲ್ಲದರ ಬಾಬತ್ತು ಅದು. ಕಂಬ, ಟಿಸಿ (ಟ್ರಾನ್ಸ್‌ಫಾರ್ಮರು), ಲೈನ್‌ಮ್ಯಾನ್ ಸಂಬಳ, ಆಫೀಸು, ಸಾಲದ ಬಡ್ಡಿ, ಲಾಭ, ಎಲ್ಲ ಸೇರಿ ಉಳಿದ ಕಾಲು ಪಾಲಿನಲ್ಲಿ. ಖಾಸಗಿಯವರು ಹಾಕಿದ ಬಂಡವಾಳಕ್ಕೆ ದರ ನಿಗದಿ ಮಾಡುವ ವಿದ್ಯುತ್ ಆಯೋಗಗಳು ಸಾಮಾನ್ಯವಾಗಿ ಶೇ. 15ರ ಆಸುಪಾಸು ಆದಾಯ ಒಪ್ಪುತ್ತವೆ. ಕೇಳೋದಕ್ಕೆ ದೊಡ್ಡದು, ಆದರೆ ಅದು ಬಂಡವಾಳದ ಮೇಲಿನ ಲೆಕ್ಕ, ನಿಮ್ಮ ಬಿಲ್ಲಿನ ಮೇಲಿನದಲ್ಲ. ಬಿಲ್ಲಿನ ನೂರರಲ್ಲಿ ಲಾಭ ಐದು ರೂಪಾಯಿ ಅಂತ ಇಟ್ಟುಕೊಳ್ಳಿ. ನಗರಸಭೆ ಆ ಐದನ್ನೂ ಬಿಟ್ಟುಕೊಟ್ಟರೆ ತೊಂಬತ್ತೈದು ಆಗುತ್ತೆ. ಅರ್ಧ ಆಗೋದಿಲ್ಲ.

ಈಗ ಸೋರಿಕೆಯ ಲೆಕ್ಕ ನೋಡಿ. ಒಂದು ಯೂನಿಟ್‌ಗೆ ನಾಲ್ಕು ರೂಪಾಯಿ ಕೊಟ್ಟು ನೂರು ಯೂನಿಟ್ ತಂದೆವು ಅನ್ನಿ. ತಂತಿಯಲ್ಲಿ, ಕಳ್ಳತನದಲ್ಲಿ, ವಸೂಲಿಯಾಗದ ಬಾಕಿಯಲ್ಲಿ ಇಪ್ಪತ್ತು ಹೋದರೆ ಉಳಿದ ಎಂಬತ್ತರ ಮೇಲೆ ಖರ್ಚು ಬೀಳಬೇಕು: ಯೂನಿಟ್‌ಗೆ ಐದು ರೂಪಾಯಿ. ಸೋರಿಕೆ ಹತ್ತಕ್ಕೆ ಇಳಿದರೆ ತೊಂಬತ್ತರ ಮೇಲೆ ಬೀಳುತ್ತೆ: 4 ರೂಪಾಯಿ 44 ಪೈಸೆ. ಒಂದೇ ಏಟಿಗೆ 56 ಪೈಸೆ ಉಳಿತಾಯ. ಯಾರ ಲಾಭವನ್ನು ಕಿತ್ತುಕೊಂಡರೂ ಇಷ್ಟು ಉಳಿಯೋದಿಲ್ಲ. ಇಂಥ ಸೋರಿಕೆಯ ನಷ್ಟ ದೇಶದ ಸರಾಸರಿಯಲ್ಲಿ ಈಗಲೂ ಶೇ. 15–16ರ ಆಸುಪಾಸು ಇದೆ.

ದೆಹಲಿಯನ್ನು ಖಾಸಗಿಯ ಪರ ಇರುವವರು ಎತ್ತಿ ತೋರಿಸೋದು ಇದಕ್ಕೇ. 2002ರ ಜುಲೈನಲ್ಲಿ ಅಲ್ಲಿನ ವಿತರಣೆ ಖಾಸಗಿಯವರಿಗೆ ಹೋದಾಗ ನಷ್ಟ ಶೇ. 50ರ ಮೇಲಿತ್ತು. ಇವತ್ತು ಶೇ. 10ರ ಒಳಗಿದೆ. ಅದು ನಿಜವಾದ ಸಾಧನೆ, ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಕತೆ ಅಲ್ಲಿಗೆ ನಿಲ್ಲೋದಿಲ್ಲ. ಕರೆಂಟು ಕೊಳ್ಳುವ ಖರ್ಚು ಏರುತ್ತಾ ಹೋಯಿತು, ದರ ಅದಕ್ಕೆ ತಕ್ಕ ಹಾಗೆ ಏರಲಿಲ್ಲ, ವ್ಯತ್ಯಾಸವನ್ನು ಆಮೇಲೆ ಕೊಡುತ್ತೇವೆ ಅಂತ ಪುಸ್ತಕದಲ್ಲಿ ಬರೆದು ಇಡುತ್ತಾ ಹೋದರು. ಅದು ಸಾವಿರಾರು ಕೋಟಿಗೆ ಬೆಳೆದು, ಕಡೆಗೆ 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ಗಡುವಿನೊಳಗೆ ತೀರಿಸಿ ಅಂತ ಹೇಳಬೇಕಾಯಿತು. ತೀರಿಸುವವರು ಯಾರು? ಬಿಲ್ ಕಟ್ಟುವವರೇ. ಹಾಗಾಗಿ ಇವತ್ತಿನ ಬಿಲ್ಲಿನಲ್ಲಿ ಕಾಣುವ ದರವನ್ನೇ ಪೂರ್ತಿ ದರ ಅಂದುಕೊಳ್ಳಬೇಡಿ. ನಾಳೆಗೆ ಮುಂದೂಡಿದ ದರವೂ ಒಂದಿರುತ್ತೆ.

ಒಡಿಶಾದಲ್ಲಿ ಇನ್ನೊಂದು ಪಾಠ. 1999ರಲ್ಲಿ ಅಲ್ಲಿ ವಿತರಣೆ ಖಾಸಗಿಯಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಮಹಾ ಚಂಡಮಾರುತ ಬಂದು ಕಂಬಗಳನ್ನೆಲ್ಲ ಮಲಗಿಸಿಬಿಟ್ಟಿತು. ಒಂದು ಭಾಗವನ್ನು ಹಿಡಿದಿದ್ದ ಅಮೆರಿಕದ ಎಇಎಸ್ ಕಂಪನಿ 2001ರಲ್ಲಿ ಬಿಟ್ಟು ಹೋಯಿತು. ಉಳಿದವರ ಪರವಾನಗಿಯನ್ನು 2015ರಲ್ಲಿ ಆಯೋಗವೇ ರದ್ದು ಮಾಡಿತು. ಮತ್ತೆ 2020–21ರಲ್ಲಿ ಟಾಟಾ ಪವರ್ ಬಂತು. ಕಂಪನಿ ಬಿಟ್ಟು ಹೋಗಬಹುದು, ಊರು ಎಲ್ಲಿಗೆ ಹೋಗುತ್ತೆ?

ಖಾಸಗಿ ಅನ್ನೋದು ನಮ್ಮ ರಾಜ್ಯಕ್ಕೆ ಹೊಸದು ಅಂತಲೂ ತಿಳಿಯಬೇಡಿ. ಹುಬ್ಬಳ್ಳಿಗೆ ಕರೆಂಟು ಕೊಡುತ್ತಿದ್ದದ್ದು ಹುಬ್ಬಳ್ಳಿ ಎಲೆಕ್ಟ್ರಿಸಿಟಿ ಕಂಪನಿ. 1910ರ ವಿದ್ಯುತ್ ಕಾಯ್ದೆಯ ಕೆಳಗೆ ಕರ್ತವ್ಯಲೋಪ ಆಗಿದೆ ಅಂತ ಮುಂಬೈ ಸರ್ಕಾರ ಅದರ ಪರವಾನಗಿ ರದ್ದು ಮಾಡಿದಾಗ, ಆ ವ್ಯಾಜ್ಯ ಆಗಿನ ಅತ್ಯುನ್ನತ ನ್ಯಾಯಾಲಯವಾದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ಸರ್ಕಾರದ ಪರವಾಗಿ ಆದ ಆ ತೀರ್ಪನ್ನು ಕಾನೂನು ಓದುವವರು ಇವತ್ತಿಗೂ ಓದುತ್ತಾರೆ. ಒಂದು ಊರಿನ ಕರೆಂಟು ಸರಿಯಿಲ್ಲ ಅನ್ನೋ ಜಗಳ ಕಡಲು ದಾಟಿ ಹೋಗಿತ್ತು ಅನ್ನೋದನ್ನ ನೆನೆದರೆ ನನಗೆ ಮೈ ಜುಮ್ಮೆನ್ನುತ್ತೆ.

ಇನ್ನು ಊರೇ ಮಾಲೀಕನಾದ ಕಡೆ. ನಮ್ಮ ಹತ್ತಿರದ ಉದಾಹರಣೆ ಕೇರಳದ ತ್ರಿಶೂರು. ಅಲ್ಲಿನ ಹಳೇ ಪಟ್ಟಣದ ಭಾಗಕ್ಕೆ ಕರೆಂಟು ಹಂಚೋದು ಮಹಾನಗರ ಪಾಲಿಕೆಯ ವಿದ್ಯುತ್ ವಿಭಾಗ. ಸ್ವಾತಂತ್ರ್ಯಕ್ಕೂ ಮುಂಚಿನಿಂದ ಬಂದ ವ್ಯವಸ್ಥೆ. ಆದರೆ ಕರೆಂಟನ್ನು ಅವರು ರಾಜ್ಯದ ಮಂಡಳಿಯಿಂದ ಸಗಟಿನಲ್ಲಿ ಕೊಳ್ಳುತ್ತಾರೆ, ಮನೆಮನೆಯ ದರ ಕೇರಳದಾದ್ಯಂತ ಒಂದೇ. ಅಂದರೆ ಊರಿನದೇ ಕಂಬ, ಊರಿನದೇ ಲೈನ್‌ಮ್ಯಾನ್, ದರ ಮಾತ್ರ ಊರಿನದಲ್ಲ. ನಮ್ಮ ಹುಕ್ಕೇರಿಯೂ ಹಾಗೇ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಇವತ್ತಿಗೂ ಕರೆಂಟು ಹಂಚುತ್ತಾ ಇದೆ, ಸದಸ್ಯರೇ ಮಾಲೀಕರು. ಅವರೂ ತಯಾರಿಸೋದಿಲ್ಲ, ಕೊಂಡು ಹಂಚುತ್ತಾರೆ.

ಅಮೆರಿಕದಲ್ಲಿ ಊರಿನ ಒಡೆತನದ ವಿದ್ಯುತ್ ಸಂಸ್ಥೆಗಳು ಸುಮಾರು 2,000 ಇವೆ, ಏಳು ಜನ ಗ್ರಾಹಕರಲ್ಲಿ ಒಬ್ಬರಿಗೆ ಅವರದೇ ಕರೆಂಟು. ಸರಾಸರಿ ನೋಡಿದರೆ ಅವರ ದರ ಖಾಸಗಿ ಕಂಪನಿಗಳಿಗಿಂತ ಕಡಿಮೆಯೇ. ಏಕೆ ಅಂತ ಕೇಳಿ. ಷೇರುದಾರರಿಗೆ ಕೊಡೋದಿಲ್ಲ ಅನ್ನೋದು ಒಂದು. ಅವರ ಸಾಲಪತ್ರದ ಬಡ್ಡಿಗೆ ತೆರಿಗೆ ವಿನಾಯಿತಿ, ಹಾಗಾಗಿ ಸಾಲ ಅಗ್ಗ. ಆದಾಯ ತೆರಿಗೆ ಇಲ್ಲ. ಕೇಂದ್ರ ಸರ್ಕಾರದ ಅಣೆಕಟ್ಟುಗಳ ಅಗ್ಗದ ಕರೆಂಟಿನಲ್ಲಿ ಅವರಿಗೆ ಮೊದಲ ಹಕ್ಕು. ಇದರಲ್ಲಿ ಎಷ್ಟು ಊರಿನವರ ಜಾಣತನ, ಎಷ್ಟು ದೇಶದ ಬೊಕ್ಕಸದಿಂದ ಬಂದದ್ದು? ಬಿಡಿಸಿ ನೋಡಬೇಕು. ನಾವು ನಮ್ಮ ನಗರಸಭೆಗೆ ಲೈನು ಕೊಟ್ಟ ಮಾತ್ರಕ್ಕೆ ಶರಾವತಿಯ ಅಗ್ಗದ ಕರೆಂಟು ನಮಗೆ ಮೊದಲು ಬರೋದಿಲ್ಲ.

ಸ್ಯಾಕ್ರಮೆಂಟೊ ಅಂತ ಒಂದು ಊರು, ಕ್ಯಾಲಿಫೋರ್ನಿಯಾದ ರಾಜಧಾನಿ. ನಮ್ಮ ಕರೆಂಟು ನಮಗೇ ಇರಲಿ ಅಂತ ಅಲ್ಲಿನವರು 1923ರಲ್ಲೇ ಮತ ಹಾಕಿದರು. ಕೋರ್ಟು ಕಚೇರಿ ಎಲ್ಲ ಮುಗಿದು ಲೈನು ಕೈಗೆ ಬಂದದ್ದು 1946ರ ಕೊನೆಗೆ. ಇಪ್ಪತ್ತಮೂರು ವರ್ಷ! ಇವತ್ತು ಅವರ ದರ ಸುತ್ತಲಿನ ಖಾಸಗಿ ಪಿಜಿ ಅಂಡ್ ಇ ಕಂಪನಿಗಿಂತ ಬಹಳ ಕಡಿಮೆ. 2018ರ ನವೆಂಬರಿನಲ್ಲಿ ಆ ಕಂಪನಿಯ ಹಳೇ ಲೈನಿನ ಕಿಡಿಯಿಂದ ಕಾಡಿಗೆ ಬೆಂಕಿ ಬಿದ್ದು 85 ಜನ ಸತ್ತರು, ಮುಂದಿನ ಜನವರಿಯಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಹಳೇ ಲೈನನ್ನು ಬದಲಿಸದೆ ಬಿಟ್ಟದ್ದು ಘೋರ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ದರ ಹೋಲಿಸುವಾಗ ನ್ಯಾಯವಾಗಿ ಹೋಲಿಸಬೇಕು. ಒಂದು ಸಂಸ್ಥೆಗೆ ಒತ್ತೊತ್ತಾಗಿ ಮನೆಗಳಿರುವ ಊರು, ಇನ್ನೊಂದಕ್ಕೆ ಬೆಟ್ಟ, ಕಾಡು, ಒಂಟಿ ಮನೆಗಳು. ಕೋಲಾರ ಪೇಟೆಯ ಫೀಡರನ್ನು (ಸಬ್‌ಸ್ಟೇಷನ್ನಿನಿಂದ ಊರಿಗೆ ಬರುವ ಲೈನನ್ನು) ಬಾಗೇಪಲ್ಲಿಯ ಗುಡ್ಡದ ಫೀಡರಿನ ಪಕ್ಕ ಇಟ್ಟು ಯಾರು ಚೆನ್ನಾಗಿ ಕೆಲಸ ಮಾಡುತ್ತಾರೆ ಅಂತ ಕೇಳಿದ ಹಾಗೆ ಆಗುತ್ತೆ.

ಇಲ್ಲೇ ನಮ್ಮ ಜಿಲ್ಲೆಯ ಮಾತೊಂದನ್ನು ಹೇಳಿಬಿಡುತ್ತೇನೆ. ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳು ಕಟ್ಟುವ ಹಣದ ಜೊತೆಗೇ ಹಳ್ಳಿಗಳ ಲೈನಿನ ಖರ್ಚೂ ಒಂದೇ ಖಾತೆಯಲ್ಲಿ ಸೇರುತ್ತೆ. ಹಣ ಬರುವ ಜಾಗವನ್ನಷ್ಟೇ ಕತ್ತರಿಸಿ ಖಾಸಗಿಯವರಿಗೋ ಊರಿಗೋ ಕೊಟ್ಟರೆ, ಸಾವಿರದೈನೂರು ಅಡಿ ಬೋರ್‌ವೆಲ್ಲಿನಿಂದ ನೀರೆತ್ತುವ ರೈತನ ಲೈನನ್ನು ನೋಡಿಕೊಳ್ಳೋದು ಯಾರು? 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿನ ಕರೆಂಟಿಗೆ ಸರ್ಕಾರ ದುಡ್ಡು ಕೊಡುತ್ತೆ, ಸರಿ. ತುಂಡಾದ ತಂತಿ ಕಟ್ಟುವ ಆಳನ್ನು ಯಾರು ಕಳಿಸುತ್ತಾರೆ? ಮಾಲೀಕತ್ವದ ಚರ್ಚೆಯಲ್ಲಿ ಈ ಪ್ರಶ್ನೆಗೆ ಉತ್ತರ ಕೊಡದ ಯಾವ ಯೋಜನೆಯನ್ನೂ ನಾನು ಒಪ್ಪೋದಿಲ್ಲ.

ಈಗ ಕಡಿತಕ್ಕೆ ಬರೋಣ. ನನ್ನ ಮನಸ್ಸು ಇರೋದು ಇಲ್ಲಿ.

ಕಡಿತವನ್ನು ಅಳೆಯೋದಕ್ಕೆ ಎರಡು ಅಳತೆಗೋಲು ಇವೆ, ನಮ್ಮವರು ಸೈಡಿ, ಸೈಫಿ ಅನ್ನುತ್ತಾರೆ. ಸೈಡಿ ಅಂದರೆ ಸರಾಸರಿ ಒಬ್ಬ ಗ್ರಾಹಕನಿಗೆ ಒಟ್ಟು ಎಷ್ಟು ಹೊತ್ತು ಕರೆಂಟು ಇರಲಿಲ್ಲ ಅನ್ನೋದು. ಸೈಫಿ ಅಂದರೆ ಎಷ್ಟು ಸಲ ಹೋಯಿತು ಅನ್ನೋದು. ಒಂದು ಫೀಡರಿನಲ್ಲಿ ಸಾವಿರ ಮನೆ, ಅದರಲ್ಲಿ ಮುನ್ನೂರು ಮನೆಗೆ ಎರಡು ಗಂಟೆ ಕರೆಂಟು ಹೋಯಿತು. ಮುನ್ನೂರನ್ನು ನೂರಿಪ್ಪತ್ತು ನಿಮಿಷದಿಂದ ಗುಣಿಸಿ ಸಾವಿರದಿಂದ ಭಾಗಿಸಿ. 36 ನಿಮಿಷ. ಕತ್ತಲಲ್ಲಿ ಕೂತವರಿಗೆ ಎರಡು ಗಂಟೆ, ಪುಸ್ತಕದಲ್ಲಿ 36 ನಿಮಿಷ. ಸುಳ್ಳಲ್ಲ, ಸರಾಸರಿ.

ಯಾರಿಗೆ ಯಾವ ಅಳತೆ ಮುಖ್ಯ ಅನ್ನೋದೂ ಬೇರೆ ಬೇರೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರ ಬಳಿ ಹೋಗಿ ಕೇಳಿ. ಗೂಡು ಬೆಂದಿದೆ, ಎಳೆ ಎದ್ದಿದೆ, ರಾಟೆ ತಿರುಗುತ್ತಿದೆ, ಅಷ್ಟರಲ್ಲಿ ಐದು ನಿಮಿಷ ಕರೆಂಟು ಹೋಯಿತು. ಬೆಂದ ಗೂಡು ಕಾಯೋದಿಲ್ಲ. ಎಳೆ ತುಂಡಾಗುತ್ತೆ, ಮತ್ತೆ ಎತ್ತಬೇಕು, ನೂಲಿನ ದರ್ಜೆ ಇಳಿಯುತ್ತೆ. ಅವರಿಗೆ ಐವತ್ತು ನಿಮಿಷದ ಒಂದು ಕಡಿತಕ್ಕಿಂತ ಐದೈದು ನಿಮಿಷದ ಹತ್ತು ಕಡಿತ ದೊಡ್ಡ ಪೆಟ್ಟು. ಹಳ್ಳಿಯ ಹಾಲಿನ ಡೇರಿಗೆ ಹೋಗಿ. ಶೀತಲೀಕರಣದ ತೊಟ್ಟಿ ಐದು ನಿಮಿಷವನ್ನು ಗಮನಿಸೋದೇ ಇಲ್ಲ, ಐದು ಗಂಟೆ ಹೋದರೆ ಜನರೇಟರಿಗೆ ಡೀಸೆಲ್ ಸುರಿಯಬೇಕು. ಅಮೆರಿಕದ ಲೆಕ್ಕದ ಪದ್ಧತಿಯಲ್ಲಿ 5 ನಿಮಿಷದೊಳಗಿನ ಕಡಿತ ಈ ಅಳತೆಗಳಿಗೆ ಸೇರೋದೇ ಇಲ್ಲ, ದೊಡ್ಡ ಬಿರುಗಾಳಿಯ ದಿನಗಳನ್ನೂ ಬೇರೆ ಇಡುತ್ತಾರೆ. ಹಾಗಾಗಿ ಯಾರಾದರೂ ನಮ್ಮ ಸಂಸ್ಥೆ ನಿಮ್ಮದಕ್ಕಿಂತ ನಂಬಿಕಸ್ತ ಅಂದರೆ ಮೊದಲು ಕೇಳಬೇಕಾದ್ದು, ಎಷ್ಟು ನಿಮಿಷದ ಮೇಲಿನದನ್ನ ಎಣಿಸಿದಿರಿ, ಯಾವ ದಿನಗಳನ್ನ ಬಿಟ್ಟಿರಿ ಅಂತ.

ಕರೆಂಟು ಹೋಗೋದು ಎಲ್ಲಿ? ದೊಡ್ಡ ಟವರ್ ಲೈನು ಕೆಡೋದು ಅಪರೂಪ. 11 ಕೆವಿ ಲೈನಿಗೆ ಕೊಂಬೆ ತಾಗುತ್ತೆ, ತಂತಿಗಳನ್ನು ಸೇರಿಸುವ ಜಂಪ್ ಕಟ್ ಆಗುತ್ತೆ, ಇನ್ಸುಲೇಟರ್ ಸಿಡಿಯುತ್ತೆ, ಲೋಡು ತಡೆಯದೆ ಟಿಸಿ ಸುಡುತ್ತೆ, ಯಾರೋ ಕೆಲಸ ಮಾಡೋದಕ್ಕೆ ಲೈನು ಬಂದ್ ಮಾಡಿಸುವ ಅನುಮತಿ, ಅಂದರೆ ಎಲ್‌ಸಿ ತಗೊಂಡು ಫೀಡರ್ ಪೂರ್ತಿ ಆಫ್ ಆಗುತ್ತೆ. ಎಲ್ಲವೂ ನಮ್ಮ ಕಣ್ಣಳತೆಯಲ್ಲಿ. ನಾನು ಹೊಸದಾಗಿ ಸೇರಿದ್ದ ಸೆಕ್ಷನ್ನಿನಲ್ಲಿ ಒಬ್ಬರು ಹಿರಿಯ ಲೈನ್‌ಮ್ಯಾನ್ ಇದ್ದರು. ಯುಗಾದಿ ಕಳೆದ ಕೂಡಲೇ ಸೈಕಲ್ ಹತ್ತಿ ಲೈನಿನ ಉದ್ದಕ್ಕೂ ಹೋಗಿ, ಯಾವ ಹುಣಸೆ ಮರದ ಕೊಂಬೆ ಮಳೆಗಾಲಕ್ಕೆ ತಂತಿ ಮುಟ್ಟುತ್ತೆ ಅಂತ ನೋಡಿಕೊಂಡು ಬರುತ್ತಿದ್ದರು. "ಮಳೆ ಬಂದ್ಮೇಲೆ ಓಡಾಡೋದಕ್ಕಿಂತ ಮುಂಚೇನೇ ನೋಡ್ಕೊಂಡ್ರೆ ವಾಸಿ ಸ್ವಾಮಿ" ಅನ್ನೋರು. ಅವರಿದ್ದ ಎರಡು ಮಳೆಗಾಲ ನಮ್ಮ ಫೀಡರ್ ನಿಂತದ್ದು ತೀರಾ ಕಡಿಮೆ. ಅವರಿಗೆ ವರ್ಗವಾಯಿತು. ಅವರ ಜಾಗ ಹದಿನಾಲ್ಕು ತಿಂಗಳು ಖಾಲಿ ಇತ್ತು. ಮೊದಲ ಗಾಳಿಗೇ ಮೂರು ಹಳ್ಳಿ ಎರಡು ದಿನ ಕತ್ತಲಲ್ಲಿದ್ದವು. ದರ ಅಷ್ಟೇ ಇತ್ತು, ಮಾಲೀಕರೂ ಅವರೇ ಇದ್ದರು.

ಊರಿನ ಒಡೆತನಕ್ಕೆ ನಿಜವಾದ ಬಲ ಸಿಗಬಹುದಾದದ್ದು ಇಲ್ಲಿಯೇ. ಅಮೆರಿಕದ ಚಟನೂಗ ನಮ್ಮ ತುಮಕೂರಿಗಿಂತ ಚಿಕ್ಕ ಊರು. ಅಲ್ಲಿನ ವಿದ್ಯುತ್ ಮಂಡಳಿ 1935ರಿಂದ ಊರಿನದೇ. ಕರೆಂಟನ್ನು ಕೇಂದ್ರ ಸರ್ಕಾರದ ಟೆನೆಸಿ ಕಣಿವೆ ಪ್ರಾಧಿಕಾರದಿಂದ ಕೊಳ್ಳುತ್ತಾರೆ, ಅಂದರೆ ದರ ಅಲ್ಲೂ ಊರಾಚೆಯದೇ. ಅವರು ಮಾಡಿದ್ದು ಏನು? ಕೇಂದ್ರದ ಸುಮಾರು 11 ಕೋಟಿ ಡಾಲರ್ ನೆರವಿನೊಂದಿಗೆ ಊರಿನ ಲೈನುಗಳ ಉದ್ದಕ್ಕೂ ಸಾವಿರಕ್ಕೂ ಹೆಚ್ಚು ತಾನಾಗಿ ಕೆಲಸ ಮಾಡುವ ಸ್ವಿಚ್ಚು ಹಾಕಿದರು. ಕೊಂಬೆ ಬಿದ್ದ ಕಡೆಯ ಎರಡೂ ಪಕ್ಕದ ಸ್ವಿಚ್ಚು ತೆರೆದುಕೊಳ್ಳುತ್ತೆ, ಉಳಿದ ಮನೆಗಳಿಗೆ ಬೇರೆ ದಾರಿಯಿಂದ ಕರೆಂಟು ಹೋಗುತ್ತೆ. ಕೆಟ್ಟ ತುಂಡು ಮಾತ್ರ ಕತ್ತಲಲ್ಲಿರುತ್ತೆ. ಮಾಲೀಕರು ಊರಿನಲ್ಲೇ ವಾಸ ಇರುವವರಾದ್ದರಿಂದ ಈ ಖರ್ಚಿಗೆ ಮನಸ್ಸು ಮಾಡಿದರು ಅಂತ ನಾನು ನಂಬುತ್ತೇನೆ.

ಆದರೆ ಎಲ್ಲ ಊರೂ ಹಾಗೆ ಮಾಡೋದಿಲ್ಲ. ಮುಂಬೈಯಲ್ಲಿ ಬೆಸ್ಟ್ ಇದೆ, 1947ರಲ್ಲಿ ನಗರದವರು ಕಂಪನಿಯಿಂದ ಕೊಂಡದ್ದು. ಅದೇ ಸಂಸ್ಥೆ ಬಸ್ಸನ್ನೂ ಓಡಿಸುತ್ತೆ. ಬಹುಕಾಲ ಬಸ್ಸಿನ ನಷ್ಟವನ್ನು ಕರೆಂಟಿನ ಬಿಲ್ಲಿನಲ್ಲಿ ಸೇರಿಸಿ ವಸೂಲು ಮಾಡಿದರು. ಬಸ್ಸು ಬೇಡ ಅನ್ನುತ್ತಿಲ್ಲ. ಲೈನಿನಿಂದ ಬಂದ ದುಡ್ಡು ಲೈನಿಗೆ ವಾಪಸ್ ಬರದಿದ್ದರೆ ಹತ್ತು ವರ್ಷ ಏನೂ ಕಾಣೋದಿಲ್ಲ, ಹನ್ನೊಂದನೇ ವರ್ಷ ಕೇಬಲ್ಲು ಕೈಕೊಡುತ್ತೆ.

ನಮ್ಮ ಕತೆ ನೇರವಾಗಿ ಹೇಳಬೇಕು. ಬೀದಿದೀಪ, ಕುಡಿಯುವ ನೀರಿನ ಮೋಟರು, ಇವುಗಳ ಬಿಲ್ಲನ್ನು ರಾಜ್ಯದ ಸ್ಥಳೀಯ ಸಂಸ್ಥೆಗಳು ವರ್ಷಗಟ್ಟಲೆ ಬಾಕಿ ಇಟ್ಟುಕೊಂಡಿವೆ. ಅದೇ ನಗರಸಭೆ ನಾಳೆ ಕರೆಂಟಿನ ಮಾಲೀಕನಾದರೆ, ಅತಿ ದೊಡ್ಡ ಬಾಕಿದಾರನೂ ಮಾಲೀಕನೂ ಒಬ್ಬನೇ ಆಗುತ್ತಾನೆ. ತನ್ನ ಫ್ಯೂಸನ್ನು ತಾನೇ ಕಿತ್ತುಕೊಳ್ಳುತ್ತಾನಾ? ಹಾಗಂತ ಊರಿಗೆ ಯೋಗ್ಯತೆ ಇಲ್ಲ ಅನ್ನುವವನೂ ನಾನಲ್ಲ. ಖಾತೆ ಬೇರೆ ಇರಬೇಕು, ಬೀದಿದೀಪದ ಬಿಲ್ಲು ಮನೆಯ ಬಿಲ್ಲಿನ ಹಾಗೇ ತಿಂಗಳಿಗೆ ಸರಿಯಾಗಿ ಕಟ್ಟಬೇಕು, ಇಂಜಿನಿಯರನ್ನು ಚುನಾವಣೆ ಮುಗಿದ ಕೂಡಲೇ ಬದಲಿಸಬಾರದು. ಈ ಮೂರು ಆಗುವವರೆಗೆ ನಗರಸಭೆಗೆ ಕೊಡಿ ಅನ್ನೋದಕ್ಕೆ ನನಗೆ ಧೈರ್ಯ ಬರೋದಿಲ್ಲ.

ಅಲ್ಲದೆ ಕೊಳ್ಳೋದೂ ಸುಲಭವಲ್ಲ. ಅಮೆರಿಕದ ಬೋಲ್ಡರ್ ಊರಿನವರು 2011ರಲ್ಲಿ ಮತ ಹಾಕಿ ಖಾಸಗಿ ಕಂಪನಿಯಿಂದ ಲೈನು ಬಿಡಿಸಿಕೊಳ್ಳೋದಕ್ಕೆ ಹೊರಟರು. ಎರಡು ಕೋಟಿ ಡಾಲರಿಗೂ ಹೆಚ್ಚು ಖರ್ಚಾದ ಮೇಲೆ 2020ರಲ್ಲಿ ಕೈಬಿಟ್ಟರು. ಜರ್ಮನಿಯ ಹ್ಯಾಂಬರ್ಗ್ 2013ರಲ್ಲಿ ಜನಮತದಿಂದ ಹೊರಟು ಜಾಲವನ್ನು ವಾಪಸ್ ಕೊಂಡಿತು. ಎರಡೂ ಆಗಬಹುದು.

ನಮ್ಮ ಪಾವಗಡದ ಸೋಲಾರ್ ಪಾರ್ಕನ್ನು ನೋಡಿ. 13,000 ಎಕರೆ, 2,050 ಮೆಗಾವಾಟ್. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆಗೆ ರೈತರು ಭೂಮಿ ಕೊಟ್ಟರು. ಅಲ್ಲಿನ ತಿರುಮಣಿ ಹಳ್ಳಿಯ ಬಿಸಿಲು ದೇಶದ ಜಾಲಕ್ಕೆ ಹೋಗುತ್ತೆ. ತಿರುಮಣಿಯ ಮನೆಗೆ ಕರೆಂಟು ಬರೋದು ಮಾತ್ರ ಎಲ್ಲರ ಹಾಗೆ ಸ್ಟೇಷನ್ನು, ಫೀಡರು, ಟಿಸಿ ಹಾದು. ಆ ಕೊನೆಯ ತುಂಡು ಕೆಟ್ಟರೆ ಪಕ್ಕದಲ್ಲಿ ಎರಡು ಸಾವಿರ ಮೆಗಾವಾಟ್ ಇದ್ದೂ ಕತ್ತಲೇ. 1902ರಲ್ಲಿ ತಂತಿಯ ಕೆಳಗಿದ್ದ ಹಳ್ಳಿಗಳ ಮಾತು ನನಗೆ ಮತ್ತೆ ಮತ್ತೆ ನೆನಪಾಗೋದು ಅದಕ್ಕೇ.

ಹಾಗಾದರೆ ಈಗ ಏನು ಮಾಡೋಣ ಅಂತ ಕೇಳುತ್ತೀರಿ. ಟಿಸಿ ಸುಟ್ಟರೆ ನಗರದಲ್ಲಿ 24 ಗಂಟೆ, ಹಳ್ಳಿಯಲ್ಲಿ 72 ಗಂಟೆಯೊಳಗೆ ಬದಲಿಸಬೇಕು ಅಂತ ನಮ್ಮ ರಾಜ್ಯದ ಆಯೋಗದ ನಿಯಮವೇ ಇದೆ. ಮಾಲೀಕರು ಯಾರೇ ಆದರೂ ಆ ನಿಯಮ ಅನ್ವಯಿಸುತ್ತೆ. ಆಯೋಗ ದರ ನಿಗದಿ ಮಾಡುವ ಮುಂಚೆ ಸಾರ್ವಜನಿಕರ ಆಕ್ಷೇಪಣೆ ಕರೆಯುತ್ತೆ, ಅಹವಾಲು ಕೇಳುತ್ತೆ. ಅಲ್ಲಿಗೆ ಹೋಗುವ ನಮ್ಮವರು ದರದ ಬಗ್ಗೆ ಮಾತ್ರ ಮಾತಾಡಿ ಬರುತ್ತಾರೆ. ನನ್ನ ಫೀಡರ್ ಕಳೆದ ವರ್ಷ ಎಷ್ಟು ಸಲ, ಎಷ್ಟು ಹೊತ್ತು ನಿಂತಿತ್ತು ಅಂತ ದಿನಾಂಕ ಸಮೇತ ಹೇಳುವವರು ಬೇಕು. ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿದಾಗ ದೂರಿನ ನಂಬರ್ ಬರೆದುಕೊಳ್ಳಿ. ನಿಮ್ಮ ಮನೆಗೆ ಯಾವ ಸ್ಟೇಷನ್ನಿನ ಯಾವ ಫೀಡರಿನಿಂದ ಕರೆಂಟು ಬರುತ್ತೆ ಅಂತ ಈ ವಾರವೇ ಲೈನ್‌ಮ್ಯಾನ್‌ನ ಕೇಳಿ ತಿಳಿದುಕೊಳ್ಳಿ.

ಬಾಗಿಲ ಹತ್ತಿರದ ಮೇಜಿನ ಮೇಲೆ ನಲವತ್ತು ನೋಟ್‌ಬುಕ್ ಇಟ್ಟಿದ್ದೇನೆ. ಒಂದೊಂದು ಪುಟದಲ್ಲೂ ನಾಲ್ಕು ಗೆರೆ ಹಾಕಿಸಿದೆ: ತಾರೀಕು, ಹೋದ ಹೊತ್ತು, ಬಂದ ಹೊತ್ತು, ದೂರಿನ ನಂಬರ್. ಎರಡು ನಿಮಿಷದ ಕಡಿತವನ್ನೂ ಬರೆಯಿರಿ. ಹಳ್ಳಿಗಳಿಂದ ಬಂದವರು ಮೊದಲು ತಗೊಳ್ಳಿ.